ಕೈಬೆರಳ ಗೆಣ್ಣು ಊದಿದರೆ ಯಾವ ಡಾಕ್ಟರು? ಮೂಳೆಯವರಾ, ಸಂಧಿವಾತದವರಾ?

ತುಮಕೂರಿನ ಸೊಸೆ: ಅತ್ತೆಗೆ 58. ಬೆಳಿಗ್ಗೆ ಎದ್ದಾಗ ಒಂದು ಗಂಟೆ ಹೊತ್ತು ಬೆರಳು ಮಡಚಲು ಆಗುವುದಿಲ್ಲ. ಎರಡೂ ಕೈಯ ಗೆಣ್ಣು ಊದಿವೆ. ಒಂದು ಬೋರ್ಡಿನಲ್ಲಿ 'ಮೂಳೆ ಮತ್ತು ಕೀಲು ತಜ್ಞರು' ಎಂದಿದೆ, ಇನ್ನೊಂದರಲ್ಲಿ 'ಸಂಧಿವಾತ ತಜ್ಞರು' ಎಂದಿದೆ. ಎರಡೂ ಒಂದೇನಾ? ಫೋನ್ ಮಾಡಿದಾಗ ಏನಂತ ಕೇಳಬೇಕು? ಅನುಭವ ಇದ್ದವರು ಹೇಳಿ.

ಹಾಸನದ ಟೀಚರ್: ಒಂದೇ ಅಲ್ಲ. ಇದು ಗೊತ್ತಿಲ್ಲದೆ ನನ್ನ 14 ತಿಂಗಳು ಹೋಯಿತು. ಕೀಲು ನೋವು ತಾನೇ ಎಂದು ಆರ್ಥೋ, ಅಂದರೆ ಮೂಳೆ ಡಾಕ್ಟರ ಹತ್ತಿರ ಹೋದೆ. 11 ಸಲ, ಸಲಕ್ಕೆ 400. ಎಕ್ಸ್‌ರೇ ಎರಡು ಸಲ. ಬಿಸಿ ಮೇಣದಲ್ಲಿ ಕೈ ಅದ್ದಿಸುವ ಫಿಸಿಯೋ 18 ದಿನ, ದಿನಕ್ಕೆ 250, ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋಗುತ್ತಿದ್ದೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟು ಎಂಡೋಸ್ಕೋಪಿ ಬೇರೆ, ಅದಕ್ಕೆ 3,200. ಕೊನೆಗೆ ಸಂಧಿವಾತ ಪತ್ತೆಗೆ ಮಾಡಿಸುವ ಆಂಟಿ ಸಿಸಿಪಿ ಎಂಬ ರಕ್ತದ ಟೆಸ್ಟ್ ಬರೆದವರು ನಮ್ಮ ಓಣಿಯ ಎಂಬಿಬಿಎಸ್ ಡಾಕ್ಟರು. ಬೆಂಗಳೂರಿನಲ್ಲಿ ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರು, ನೋಡಿ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಶುರು ಮಾಡಿದರು. ಅದು ವಾರಕ್ಕೆ ಒಂದೇ ದಿನ, ಜೊತೆಗೆ ಫೋಲಿಕ್ ಆಸಿಡ್. ಊತ ಇಳಿಯಿತು. ಆದರೆ ಬಲಗೈ ಉಂಗುರ ಬೆರಳು ಅಷ್ಟರಲ್ಲಿ ಸೊಟ್ಟಗಾಗಿತ್ತು, ಹಾಗೇ ಉಳಿಯಿತು. ಬೋರ್ಡ್ ಮೇಲೆ ಬರೆಯುವಾಗ ಅದೇ 'ಕೀಲು ತಜ್ಞರು' ಪದವನ್ನು ಎಲ್ಲರೂ ಹಾಕಿಕೊಂಡರೆ ನಮ್ಮಂಥವರು ಏನು ತಿಳಿಯಬೇಕು?

ಹುಬ್ಬಳ್ಳಿ ನಿವೃತ್ತ: ಸುಮ್ನೆ ಎಲುಬು ಡಾಕ್ಟರನ್ನು ಬೈಯಬೇಡಿ. ನಮ್ಮ ಮನೆಯವರಿಗೆ 2018ರಲ್ಲಿ ಎರಡೂ ಮೊಣಕಾಲು ಬದಲಾಯಿಸಿದೆವು. ಅದರ ಹಿಂದಿನ ವರ್ಷ ಆಗಸ್ಟ್‌ನಲ್ಲಷ್ಟೇ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತ್ತು. ಕೋಬಾಲ್ಟ್ ಕ್ರೋಮಿಯಂ ಲೋಹದ ಮಂಡಿಗೆ 54,720, ಜಿಎಸ್‌ಟಿ ಬೇರೆ. ಅದರ ಮುಂಚೆ ಲಕ್ಷದ ಮೇಲೆ ಹೇಳುತ್ತಿದ್ದರು. ಆದರೆ ಮಂಡಿ ಅಗ್ಗ ಆದ ಕೂಡಲೇ ಬಿಲ್ ಅಗ್ಗ ಆಗುತ್ತದೆ ಎಂದು ತಿಳಿಯಬೇಡಿ. ರೂಮು, ಆಪರೇಷನ್ ಥಿಯೇಟರ್, ಅರಿವಳಿಕೆ, ಫಿಸಿಯೋ ಎಲ್ಲ ಸೇರಿ 3,86,000 ಆಯಿತು. ವಾಕರ್‌ಗೆ 1,400 ಹೆಚ್ಚಿಗೆ ಹಾಕಿದ್ದರು, ಜಗಳ ಮಾಡಿ ತೆಗೆಸಿದೆ. ಇವತ್ತು ಅವರು ಮೂರನೇ ಮಹಡಿ ಹತ್ತುತ್ತಾರೆ.

ಹಾಸನದ ಟೀಚರ್: ಸರ್, ನಿಮ್ಮ ಮನೆಯವರದು ಸವೆತ. ನನ್ನದು ಮೈಯ ಕಾವಲೇ ಕೀಲಿನ ಮೇಲೆ ತಿರುಗಿ ಬಿದ್ದ ಕಾಯಿಲೆ. ಸವೆದದ್ದನ್ನು ಬದಲಾಯಿಸಬಹುದು. ನನ್ನ ಹತ್ತು ಬೆರಳನ್ನೂ ಬದಲಾಯಿಸುತ್ತಾರಾ?

ಕೋಲಾರ ಕಡೆಯವನು: ಇಷ್ಟೆಲ್ಲ ದುಡ್ಡು ಯಾಕೆ? ನನ್ನ ತಮ್ಮನ ಮುಂಗೈ ಮುರಿದಾಗ ಚಿತ್ತೂರು ಕಡೆಯ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿದೆವು. ಸೊಪ್ಪು, ಮೊಟ್ಟೆ, ಬಿದಿರು ಪಟ್ಟಿ, ಬಟ್ಟೆ. ಬಸ್ ಚಾರ್ಜ್ ಸೇರಿ 1,900. ಈಗ ಮೂಟೆ ಎತ್ತುತ್ತಾನೆ. ಮೂಳೆ ಕಟ್ಟುವವರೂ ಮೂಳೆ ವೈದ್ಯರೇ.

ಮಾಗಡಿ ರೋಡ್: ನಿಮ್ಮ ತಮ್ಮನದು ಬಿರುಕು ಇದ್ದಿರಬೇಕು. ನಮ್ಮಣ್ಣನ ಮೊಣಕೈ ಕೀಲಿನ ಒಳಗೇ ಮುರಿದಿತ್ತು. ಎಕ್ಸ್‌ರೇ ಇಲ್ಲದೆ ಕಟ್ಟಿಸಿಕೊಂಡು ಬಂದ. ಆರು ವಾರದ ಮೇಲೆ ಕಟ್ಟು ಬಿಚ್ಚಿದರೆ ಕೈ ಅರ್ಧ ಮಾತ್ರ ಮಡಚುತ್ತದೆ. ಮತ್ತೆ ಮುರಿದು ಪ್ಲೇಟ್ ಹಾಕಲು 1,10,000. ಅವನು ಟೈಲರ್. ಆ ವರ್ಷದ ದೀಪಾವಳಿ ಸೀಸನ್ ಪೂರ್ತಿ ಅಂಗಡಿ ಬಾಗಿಲು ಮುಚ್ಚಿತ್ತು. ದಯವಿಟ್ಟು ಇಲ್ಲಿ ಬಂದು 1,900ರ ಲೆಕ್ಕ ಹೇಳಬೇಡಿ.

ಕೋಲಾರ ಕಡೆಯವನು: ನಾನು ಕಂಡದ್ದನ್ನು ಹೇಳಿದೆ. ನೀವು ಯಾರು ಬೇಡ ಅನ್ನಲು?

ಮಂಡ್ಯದ ಹುಡುಗಿ: ಜಗಳ ಬಿಡಿ, ಹೆಸರಿನ ವಿಷಯಕ್ಕೆ ಬನ್ನಿ. ಅಮ್ಮನಿಗೆ ಸೊಂಟ ನೋವು ಎಂದು ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಬಾಗಿಲ ಮೇಲೆ 'ಅಸ್ಥಿ ತಜ್ಞರು' ಎಂದು ದೊಡ್ಡದಾಗಿ ಬರೆದಿತ್ತು. ಅಪ್ಪನ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದು ಮೂರು ತಿಂಗಳೂ ಆಗಿರಲಿಲ್ಲ. ಅಮ್ಮ ಮೆಟ್ಟಿಲ ಮೇಲೇ ಕೂತು ಅತ್ತರು, ಒಳಗೆ ಬರಲಿಲ್ಲ. ಆಟೋಗೆ ಹೋಗಿ ಬರಲು 280 ಕೊಟ್ಟು ವಾಪಸ್ ಬಂದೆವು. 'ಮೂಳೆ ಡಾಕ್ಟರು' ಎಂದು ಬರೆದರೆ ಯಾರ ಮರ್ಯಾದೆ ಹೋಗುತ್ತದೆ?

ಹುಬ್ಬಳ್ಳಿ ನಿವೃತ್ತ: ನಮ್ಮ ಕಡೆ ಎಲುಬು ಅನ್ನುತ್ತೇವೆ. ಮೂಳೆ ಎಂದು ಬರೆದರೆ ನಮ್ಮದು ಕನ್ನಡ ಅಲ್ವಾ?

ಮಂಡ್ಯದ ಹುಡುಗಿ: ಎಲುಬು ಎಂದೇ ಬರೆಯಲಿ ಸರ್, ನನಗೆ ಸಂತೋಷ. ಅಸ್ಥಿ ಬೇಡ ಅಷ್ಟೇ.

ಪುಸ್ತಕದ ಹುಳು: ಆರ್ಥೋಪೆಡಿಕ್ಸ್ ಎಂಬ ಪದದಲ್ಲಿ ಮೂಳೆಯೂ ಇಲ್ಲ, ಎಲುಬೂ ಇಲ್ಲ. 1741ರಲ್ಲಿ ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ ಗ್ರೀಕಿನ ಎರಡು ಪದ ಸೇರಿಸಿ ಮಾಡಿದ್ದು. 'ಆರ್ಥೋಸ್' ನೆಟ್ಟಗೆ, 'ಪೈಸ್' ಮಗು. ಮಕ್ಕಳ ಸೊಟ್ಟ ಕೈಕಾಲನ್ನು ನೆಟ್ಟಗೆ ಮಾಡುವ ವಿದ್ಯೆ. ನನ್ನ ಮಗಳು ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿತ್ತು. ವಾರಕ್ಕೊಂದು ಪ್ಲಾಸ್ಟರ್, ಒಟ್ಟು ಆರು. ಆಮೇಲೆ ರಾತ್ರಿ ಹೊತ್ತು ನಡುವೆ ಕಂಬಿ ಇರುವ ಬೂಟು, ನಾಲ್ಕು ವರ್ಷ. ಈಗ ಕಬಡ್ಡಿ ಆಡುತ್ತಾಳೆ. ನನಗೆ ಆ ಪದ ಇಷ್ಟ.

ಹಾಸನದ ಟೀಚರ್: ಪದ ಚೆನ್ನಾಗಿದೆ. ಆದರೆ ಈ ಹೆಂಗಸಿನ ಅತ್ತೆಗೆ ಗ್ರೀಕ್ ಬೇಡ, ಡಾಕ್ಟರು ಬೇಕು. ತಂಗಿ, ಬೋರ್ಡ್ ಬಿಡು, ಹೆಸರಿನ ಮುಂದಿನ ಡಿಗ್ರಿ ನೋಡು. ಎಂಎಸ್ ಆರ್ಥೋ ಅಂದರೆ ಆಪರೇಷನ್ ಮಾಡುವವರು. ಡಿಎಂ ರುಮಟಾಲಜಿ ಇರುವವರನ್ನು ಹುಡುಕು. ಸಿಗದಿದ್ದರೆ ಮೊದಲು ಎಂಡಿ ಮೆಡಿಸಿನ್‌ನವರಿಗೆ ತೋರಿಸು.

ತುಮಕೂರಿನ ಸೊಸೆ: ಫೋನ್ ಮಾಡಿದೆ ಅಕ್ಕಾ. 'ರುಮಟಾಲಜಿ' ಅಂದೆ. ಆ ಕಡೆಯವಳು 'ಮೂಳೆ ಡಾಕ್ಟರಾ?' ಅಂದಳು. ಅಲ್ಲ ಎಂದು ಎರಡು ಸಲ ಹೇಳಬೇಕಾಯಿತು. ಮುಂದಿನ ತಿಂಗಳು 11ಕ್ಕೆ ಸಿಕ್ಕಿದೆ.

ಕೋಲಾರ ಕಡೆಯವನು: ಅಲ್ಲಿವರೆಗೆ ಒಂದು ಸಲ ಪುತ್ತೂರಿಗೆ ಕರೆದುಕೊಂಡು ಹೋಗಿ.

ಮಾಗಡಿ ರೋಡ್: ಊದಿದ ಕೀಲಿಗೆ ಕಟ್ಟು ಹಾಕಿಸಿ ಎನ್ನುತ್ತೀರಲ್ಲ, ಸ್ವಲ್ಪ ಯೋಚಿಸಿ ಮಾತಾಡಿ!