ವ್ಯಾಕ್ಯೂಮ್ ಕ್ಲೀನರ್ ಕೆಟ್ಟಿದೆಯಾ? ಇವತ್ತು ಕೇಳಿ

ರಿಪೇರಿಯವರು: ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 19 ವರ್ಷದಿಂದ ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುತ್ತಿದ್ದೇನೆ. ಇವತ್ತು ಮೂರು–ನಾಲ್ಕು ಸಾವಿರದ ಒಳಗಿನ, ಒಣ ಕಸ ಹೀರುವ ಮಷೀನಿನ ಬಗ್ಗೆ ಮಾತ್ರ. ಕಂಪನಿ ಹೆಸರು ಬೇಡ. ನಿಮ್ಮ ಊರು, ಮಷೀನಿನ ವಯಸ್ಸು, ಕೊನೆಯ ಸಲ ಅದರಲ್ಲಿ ಏನು ಹೀರಿಸಿದಿರಿ, ಇಷ್ಟು ಬರೆಯಿರಿ.

ತುಮಕೂರು: ಮೂರು ವರ್ಷದ್ದು. ಮೋಟಾರು ಜೋರಾಗಿ ಓಡುತ್ತದೆ, ಕಸ ಮಾತ್ರ ಎಳೆಯುವುದಿಲ್ಲ.

ರಿಪೇರಿಯವರು: ಪೈಪ್ ಬಿಚ್ಚಿ. ಮಷೀನಿನ ಬಾಯಿಗೆ ಅಂಗೈ ಒಡ್ಡಿ. ಕೈಯನ್ನು ಗಟ್ಟಿಯಾಗಿ ಎಳೆದರೆ ಮೋಟಾರು ಚೆನ್ನಾಗಿದೆ, ಪೈಪಿನಲ್ಲಿ ಏನೋ ಸಿಕ್ಕಿದೆ ಅಂತ ಅರ್ಥ. ಪೈಪ್ ಎತ್ತಿ ಹಿಡಿದು ಒಂದು ಗೋಲಿ ಬಿಡಿ. ಆಚೆ ಬೀಳದಿದ್ದರೆ ಅಲ್ಲೇ ಅಡ್ಡ ಇದೆ. ಸಾಮಾನ್ಯವಾಗಿ ಒಂದು ಹೇರ್‌ಪಿನ್ ಅಡ್ಡ ನಿಂತು, ಅದಕ್ಕೆ ಕೂದಲು ಸುತ್ತಿಕೊಂಡಿರುತ್ತದೆ. ಪೊರಕೆ ಕಡ್ಡಿ ತೂರಿಸಬೇಡಿ, ಮುರಿದು ಒಳಗೇ ಉಳಿಯುತ್ತದೆ. ಪರದೆಯ ರಾಡ್ ಒಳ್ಳೆಯದು. ಬಾಯಲ್ಲೇ ಎಳೆತ ಇಲ್ಲ ಅಂದರೆ ಮೊದಲು ಚೀಲ, ಆಮೇಲೆ ಫಿಲ್ಟರ್, ಆಮೇಲೆ ಮುಚ್ಚಳದ ರಬ್ಬರ್ ನೋಡಿ.

ಹಾಸನ: ನಮ್ಮದೂ ಎಳೆಯುತ್ತಿಲ್ಲ ಸರ್, ಏನು ಮಾಡಬೇಕು?

ರಿಪೇರಿಯವರು: ತುಮಕೂರಿನವರಿಗೆ ಹೇಳಿದ್ದನ್ನೇ ಮಾಡಿ.

ದಾವಣಗೆರೆ: ಫಿಲ್ಟರ್ ತೊಳೆಯಬಹುದಾ?

ರಿಪೇರಿಯವರು: ಸ್ಪಂಜಿನದ್ದಾದರೆ ತೊಳೆಯಿರಿ. ಕಾಗದದ್ದನ್ನು ಬೇಡ, ಬಡಿದು ಕೊಡವಿ ಸಾಕು. ತೊಳೆದದ್ದನ್ನು ನೆರಳಲ್ಲಿ 24 ಗಂಟೆ ಒಣಗಿಸಿ. ಒದ್ದೆ ಫಿಲ್ಟರ್ ಹಾಕಿದರೆ ತೇವ ನೇರವಾಗಿ ಮೋಟಾರಿಗೆ ಹೋಗುತ್ತದೆ.

ಶಿವಮೊಗ್ಗ: ಐದು ವರ್ಷದ್ದು, 1600 ವ್ಯಾಟ್. ಊರಲ್ಲಿ ಅಮ್ಮ ಬಳಸುತ್ತಾರೆ. ಹೋದ ತಿಂಗಳು ಮನೆಗೆ ಪೇಂಟ್ ಆಯಿತು. ಗೋಡೆಗೆ ಪುಟ್ಟಿ ಹಾಕಿ ಉಜ್ಜಿದ ಪುಡಿಯನ್ನೆಲ್ಲ ಇದರಲ್ಲೇ ಹೀರಿಸಿದರು. ಆಮೇಲೆ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತಿತ್ತು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಒಳಗೆ ಏನೋ ತೆಗೆದು ವೈರ್ ನೇರ ಕೊಟ್ಟರಂತೆ. ಈಗ ನಿಲ್ಲುವುದೇ ಇಲ್ಲ. ಸ್ವಲ್ಪ ಸುಟ್ಟ ವಾಸನೆ ಇದೆ, ಪ್ಲಗ್ ಬಿಸಿಯಾಗುತ್ತದೆ. ಸದ್ದೂ ಮೊದಲಿಗಿಂತ ಕೀರಲು. ಬಳಸಬಹುದಾ?

ರಿಪೇರಿಯವರು: ಇದನ್ನು ಓದಿದ ತಕ್ಷಣ ಅಮ್ಮನಿಗೆ ಫೋನ್ ಮಾಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಇಡಲಿ. ಉಳಿದದ್ದು ಆಮೇಲೆ ಓದಿ.

ಅವರು ತೆಗೆದದ್ದು ಥರ್ಮಲ್ ಕಟೌಟ್. ಮೋಟಾರಿಗೆ ಅಂಟಿಕೊಂಡ ಸಣ್ಣ ಬಿಲ್ಲೆ. ಬಿಸಿ ಹದ ಮೀರಿದರೆ ಕರೆಂಟು ಕಡಿಯುತ್ತದೆ, ತಣ್ಣಗಾದರೆ ಮತ್ತೆ ಸೇರಿಸುತ್ತದೆ. ಹತ್ತು ನಿಮಿಷಕ್ಕೆ ನಿಲ್ಲುತ್ತಿತ್ತಲ್ಲ, ಮಷೀನು ಆಗ ಕೆಟ್ಟಿರಲಿಲ್ಲ. ಉಸಿರು ಕಟ್ಟುತ್ತಿದೆ ಅಂತ ಹೇಳುತ್ತಿತ್ತು. ಈಗ ಅದರ ಬಾಯಿ ಮುಚ್ಚಿಸಿದ್ದಾರೆ.

ಈ ಮಷೀನಿನಲ್ಲಿ ಮೋಟಾರನ್ನು ತಣ್ಣಗಿಡಲು ಬೇರೆ ಫ್ಯಾನಿಲ್ಲ. ಕಸದ ಜೊತೆ ಒಳಗೆ ಬಂದ ಗಾಳಿಯೇ ಚೀಲ, ಫಿಲ್ಟರ್ ದಾಟಿ ಮೋಟಾರಿನ ಮೇಲೆ ಹಾದು ಹೊರಗೆ ಹೋಗುತ್ತದೆ. ಪುಟ್ಟಿ ಪುಡಿ ಹಿಟ್ಟಿಗಿಂತ ನಯ. ಬಟ್ಟೆ ಚೀಲದ ನೂಲಿನ ಸಂದಿಯಲ್ಲಿ ಕೂತು ಅದನ್ನು ಗೋಡೆಯಂತೆ ಮುಚ್ಚಿಬಿಡುತ್ತದೆ. ಗಾಳಿ ನಿಂತರೆ ಕಸ ಎಳೆಯುವ ಫ್ಯಾನಿಗೆ ತಳ್ಳುವ ಭಾರ ಇರುವುದಿಲ್ಲ, ಹಾಗಾಗಿ ಮೋಟಾರು ಇನ್ನೂ ಜೋರಾಗಿ ತಿರುಗುತ್ತದೆ. ಆ ಕೀರಲು ಸದ್ದು ಅದೇ. ಜೋರು ಸದ್ದು ಅಂದರೆ ಜೋರು ಎಳೆತ ಅಂತ ಜನ ತಿಳಿಯುತ್ತಾರೆ, ಹಾಗಲ್ಲ.

ಸುಟ್ಟ ವಾಸನೆ ಕಾಯಿಲ್ ತಂತಿಯ ಮೇಲಿನ ಲೇಪದ್ದು ಇರಬಹುದು. ಅದು ಕರಗಿದರೆ ಒಳಗೇ ಶಾರ್ಟ್. ಸುತ್ತಲೂ ಪ್ಲಾಸ್ಟಿಕ್, ಪಕ್ಕದಲ್ಲೇ ಧೂಳು ತುಂಬಿದ ಬಟ್ಟೆ. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಹೀಗೆ ನೇರ ಕೊಟ್ಟ ಮಷೀನು ಎರಡು ನನ್ನ ಅಂಗಡಿಗೇ ಬಂದಿವೆ, ಹಿಂಬದಿಯ ಜಾಲರಿ ಕರಗಿ ಮುದ್ದೆಯಾಗಿತ್ತು.

ಪ್ಲಗ್ ಬಿಸಿಯಾಗುವುದು ಬೇರೆ ತೊಂದರೆ. 1600 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ, ಸುಮಾರು 7 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ 6 ಆಂಪಿಯರಿನದು. ದೊಡ್ಡ ಪಿನ್ನೂ ಸಣ್ಣ ಪಿನ್ನೂ ಹಿಡಿಯುವ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಅಮ್ಮ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುತ್ತಾರಾ, ಕೇಳಿ ಹೇಳಿ.

ಹುಬ್ಬಳ್ಳಿ: ಇದಕ್ಕೆ ಇಷ್ಟೆಲ್ಲ ಯಾಕೆ? ನಮ್ಮ ಇನ್ನೊಂದು ಗ್ರೂಪಿನಲ್ಲಿ ಬಂದಿದೆ. ಮೋಟಾರಿಗೆ ಎರಡು ಹನಿ ಕೊಬ್ಬರಿ ಎಣ್ಣೆ, ಚೀಲಕ್ಕೆ ಒಂದು ಹಿಡಿ ಅಡುಗೆ ಸೋಡಾ ಹೀರಿಸಿದರೆ ವಾಸನೆ, ಸದ್ದು ಎರಡೂ ಹೋಗುತ್ತವೆ.

ರಿಪೇರಿಯವರು: ಎಣ್ಣೆ ಬೇಡ. ಬೇರಿಂಗ್ ಒಳಗೆ ಗ್ರೀಸ್ ಇರುತ್ತದೆ, ಎಣ್ಣೆ ಅದನ್ನು ತೊಳೆದು ಹಾಕುತ್ತದೆ. ಉಳಿದ ಎಣ್ಣೆ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಮೇಲೆ ಹೋಗಿ ಧೂಳು ಹಿಡಿದು ಅಂಟಾಗುತ್ತದೆ. ಸೋಡಾ ಕೂಡ ನಯವಾದ ಪುಡಿ. ಪುಟ್ಟಿ ಮಾಡಿದ್ದನ್ನೇ ಅದೂ ಮಾಡುತ್ತದೆ.

ಹುಬ್ಬಳ್ಳಿ: ಸಾವಿರಾರು ಜನ ಲೈಕ್ ಮಾಡಿದ್ದಾರೆ.

ರಿಪೇರಿಯವರು: ಅವರ ಮೋಟಾರು ಬಿಚ್ಚಿ ನೋಡುವುದು ನಾನು.

ಬೆಳಗಾವಿ: ಹಿಂದೆ ನೀಲಿ ಕಿಡಿ ಕಾಣುತ್ತದೆ. ಆರು ವರ್ಷದ್ದು.

ರಿಪೇರಿಯವರು: ಸಣ್ಣ ಕಿಡಿ ಸಹಜ. ಸುತ್ತಲೂ ಉಂಗುರದಂತೆ ಉರಿಯುತ್ತಿದ್ದರೆ ಬ್ರಷ್ ಸವೆದಿದೆ. 5–6 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ಬದಲಿಸಿ. ಒಂದೇ ಕೆಟ್ಟಂತೆ ಕಂಡರೂ ಜೋಡಿಯಾಗಿಯೇ ಹಾಕಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಳತೆ ಹೊಂದಬೇಕು. ಬ್ರಷ್ ಒರಸುವ ತಾಮ್ರದ ಉರುಳೆ, ಅಂದರೆ ಕಾಮ್ಯುಟೇಟರ್, ಕಪ್ಪಾಗಿದ್ದರೆ ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ಎಮರಿ ಪೇಪರ್ ಬೇಡ.

ಬೆಂಗಳೂರು: ಎಸ್.ಪಿ. ರಸ್ತೆಯಲ್ಲಿ ಬ್ರಷ್ ಸುಲಭವಾಗಿ ಸಿಗುತ್ತದೆ. ನಾನು ಅಲ್ಲೇ ತಂದೆ.

ಕಲಬುರಗಿ: ವೈರ್ ತಾನಾಗಿ ಸುತ್ತಿಕೊಳ್ಳುವುದು ನಿಂತಿದೆ. ಬಿಚ್ಚಿ ನೋಡಲಾ?

ಮಂಡ್ಯ: ಕ್ಷಮಿಸಿ, ಒಂದು ಮಾತು. ಎರಡು ಕೋಣೆಯ ಮನೆಗೆ ಈ ಮಷೀನು ಯಾಕೆ ಬೇಕು? ಒಂದು ತೆಂಗಿನಗರಿ ಪೊರಕೆ, ಒಂದು ಹುಲ್ಲಿನ ಪೊರಕೆ. ನಮ್ಮ ಅಜ್ಜಿ ಎಂಬತ್ತು ವರ್ಷ ಅದರಲ್ಲೇ ಗುಡಿಸಿದರು.

ಬೆಂಗಳೂರು: ನನ್ನ ಮಗನಿಗೆ ಉಬ್ಬಸ. ಪೊರಕೆ ಹಾಕಿದರೆ ಧೂಳು ಎದ್ದು ರಾತ್ರಿಯೆಲ್ಲ ಕೆಮ್ಮುತ್ತಾನೆ. ಹಾಸಿಗೆಯನ್ನು ಪೊರಕೆಯಲ್ಲಿ ಗುಡಿಸಲು ಆಗುತ್ತದಾ?

ಮಂಡ್ಯ: ಹಾಸಿಗೆ ಬಿಸಿಲಿಗೆ ಹಾಕಿ.

ಬೆಂಗಳೂರು: ನಾಲ್ಕನೇ ಮಹಡಿಯಲ್ಲಿ ಬಿಸಿಲು ಎಲ್ಲಿಂದ ತರಲಿ? ಗೊತ್ತಿಲ್ಲದ ಮನೆಯ ಬಗ್ಗೆ ಮಾತಾಡಬೇಡಿ.

ಮಂಡ್ಯ: ದುಡ್ಡಿದ್ದವರಿಗೆ ಎಲ್ಲದಕ್ಕೂ ಮಷೀನು ಬೇಕು.

ಬೆಂಗಳೂರು: ಮೂರು ಸಾವಿರದ್ದನ್ನು ಎಂಟು ವರ್ಷದಿಂದ ರಿಪೇರಿ ಮಾಡಿಕೊಂಡು ಬಳಸುತ್ತಿದ್ದೇನೆ. ಇದು ದುಡ್ಡಿದ್ದವರ ಲಕ್ಷಣವಾ?

ಉಡುಪಿ: ಇಬ್ಬರೂ ಸಾಕು ಮಾಡಿ. ನಮ್ಮಲ್ಲಿ ಮಳೆಗಾಲದಲ್ಲಿ ಮಷೀನಿನಿಂದ ಮುಗ್ಗಲು ವಾಸನೆ ಬರುತ್ತದೆ, ಅದಕ್ಕೆ ಯಾರಾದರೂ ಹೇಳಿ.

ಹುಬ್ಬಳ್ಳಿ: ಚೀಲದಲ್ಲಿ ಕರ್ಪೂರ ಹಾಕಿ.

ರಿಪೇರಿಯವರು: ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು. ಅದರ ಆವಿ ಗಾಳಿಯ ಜೊತೆ ಕಿಡಿ ಹಾರುವ ಮೋಟಾರಿಗೆ ಹೋಗುತ್ತದೆ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ, ಯಾರಾದರೂ ನಂಬುತ್ತಾರೆ. ಉಡುಪಿಯವರೇ, ಬಳಸಿದ ದಿನವೇ ಚೀಲ ಖಾಲಿ ಮಾಡಿ, ಮುಚ್ಚಳ ತೆರೆದಿಡಿ. ಒದ್ದೆ ಕಾಲೊರಸು, ಒದ್ದೆ ನೆಲದ ಮೇಲೆ ಓಡಿಸಬೇಡಿ. ಇದು ನೀರಿನ ಮಷೀನಲ್ಲ, ಶಾಕ್ ಹೊಡೆಯಬಹುದು.

ನ್ಯೂಜೆರ್ಸಿ: ಅಮೆರಿಕದಿಂದ ತಂದ ಮಷೀನನ್ನು ಬೆಂಗಳೂರಿನಲ್ಲಿ ಪ್ಲಗ್ ಪಿನ್ ಬದಲಿಸಿ ಬಳಸಬಹುದಾ?

ರಿಪೇರಿಯವರು: 120 ವೋಲ್ಟಿನದು. ಇಲ್ಲಿ 230. ಪಿನ್ ಬದಲಿಸಿ ಹಾಕಿದರೆ ಸುಟ್ಟುಹೋಗುತ್ತದೆ.

ಹಾವೇರಿ: ಮೋಟಾರು ಓಡುತ್ತದೆ ಸರ್, ಎಳೆಯುವುದಿಲ್ಲ.

ರಿಪೇರಿಯವರು: ಮೇಲಿನಿಂದ ಓದಿ.

ಹಾವೇರಿ: ಹೇಳಲು ಇಷ್ಟವಿಲ್ಲದಿದ್ದರೆ ಕೇಳಿ ಅಂತ ಯಾಕೆ ಕರೆದಿರಿ?

ರಿಪೇರಿಯವರು: ಅಂಗಡಿ ಮುಚ್ಚಿ ಕೂತು ಬರೆಯುತ್ತಿದ್ದೇನೆ. ಅದೇ ಪ್ರಶ್ನೆ ಇದು ಮೂರನೇ ಸಲ. ಪೈಪ್ ಬಿಚ್ಚಿ, ಅಂಗೈ ಒಡ್ಡಿ, ಗೋಲಿ ಬಿಡಿ.

ರಾಯಚೂರು: ರೋಬೋಟ್ ಮಷೀನು ಚೆನ್ನಾಗಿರುತ್ತದಾ?

ಹುಬ್ಬಳ್ಳಿ: ಹೊಸದು ತಗೊಳ್ಳಿ ಅಂತ ಹೇಳಿದರೆ ಮುಗಿಯಿತು. ಇವರು ಸುಮ್ನೆ ಎಲ್ಲರನ್ನೂ ಹೆದರಿಸುತ್ತಿದ್ದಾರೆ. ಕಟೌಟ್ ಇಲ್ಲದೆ ನಮ್ಮ ಮಿಕ್ಸಿ ಹತ್ತು ವರ್ಷ ಓಡಿದೆ.

ರಿಪೇರಿಯವರು: ಮಿಕ್ಸಿ ಎರಡು–ಮೂರು ನಿಮಿಷ ಓಡುತ್ತದೆ, ಇದು ಅರ್ಧ ಗಂಟೆ. ನಿಮಗೆ ಇನ್ನು ಉತ್ತರ ಕೊಡುವುದಿಲ್ಲ.

ಶಿವಮೊಗ್ಗ: ಅಮ್ಮ ಪ್ಲಗ್ ಕಿತ್ತರು. ನೀವು ಕೇಳಿದ್ದು ಸರಿ, ಎಕ್ಸ್‌ಟೆನ್ಷನ್ ಬಾಕ್ಸಿನಲ್ಲೇ ಹಾಕುತ್ತಿದ್ದರಂತೆ, ಅದರ ಒಂದು ತೂತು ಕಂದಾಗಿದೆ. ಚೀಲ ತೆಗೆದು ಫೋಟೋ ಕಳಿಸಿದ್ದಾರೆ, ಸುಣ್ಣ ಬಳಿದಂತೆ ಬೆಳ್ಳಗಿದೆ. ಮುಂದೆ ಏನು?

ರಿಪೇರಿಯವರು: ಫೋನ್ ಮಾಡಿದ್ದು ಒಳ್ಳೆಯದಾಯಿತು. ಆ ಬಾಕ್ಸ್ ಎಸೆಯಿರಿ, ಬೇರೆ ಯಾವುದಕ್ಕೂ ಬಳಸಬೇಡಿ. ಚೀಲ, ಫಿಲ್ಟರ್ ಎರಡೂ ಹೊಸದು ಹಾಕಿ, ತೊಳೆದರೆ ಪುಟ್ಟಿ ಗಟ್ಟಿಯಾಗುತ್ತದೆ. ಮೋಟಾರು ರಿಪೇರಿ ಗೊತ್ತಿರುವವರ ಹತ್ತಿರ ಮಷೀನು ಕೊಟ್ಟು ಮೂರು ಕೆಲಸ ಹೇಳಿ: ನೇರ ಕೊಟ್ಟ ವೈರ್ ತೆಗೆಯಬೇಕು, ಮೊದಲಿದ್ದಷ್ಟೇ ಡಿಗ್ರಿಯ ಕಟೌಟ್ ಹಾಕಬೇಕು, ಮೋಟಾರಿಗೆ ಬ್ಲೋವರ್ ಹೊಡೆದು ಬೇರಿಂಗ್ ತಿರುಗಿಸಿ ನೋಡಬೇಕು. ಕಾಯಿಲ್ ಕಪ್ಪಾಗಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಸರಿಯಾಗಿ ಬಂದರೂ ಮೊದಲ ಸಲ ಅಮ್ಮ ಒಬ್ಬರೇ ಇರುವಾಗ ಓಡಿಸುವುದು ಬೇಡ. ನೀವು ಊರಿಗೆ ಹೋದಾಗ ಹದಿನೈದು ನಿಮಿಷ ಓಡಿಸಿ, ಪ್ಲಗ್ ಮುಟ್ಟಿ ನೋಡಿ ನನಗೆ ಬರೆಯಿರಿ.