ಮಿರ್ಚಿ ತಿಂದದ್ದೋ, ತಿನ್ನುತ್ತಿದ್ದದ್ದೋ?

ಮೇ ತಿಂಗಳ ಕಲಬುರಗಿ. ಹಗಲೆಲ್ಲ 40 ಡಿಗ್ರಿ ದಾಟಿದ ಬಿಸಿಲು. ಸಂಜೆ ಅಪ್ಪನ ಕೆರೆ ಕಡೆ ಗಾಳಿ ಬೀಸಿದ ಮೇಲೇ ನಮಗೆ ಬಾಯಿ ಬರೋದು. ಮಿರ್ಚಿ ಭಜಿ ಗಾಡಿ ಮುಂದೆ ಮೂರು ಜನ: ಇಂಗ್ಲಿಷ್ ಮೇಷ್ಟ್ರು, ತೊಗರಿ ವ್ಯಾಪಾರಿ ಗೆಳೆಯ, ನಾನು.

ಮೇಷ್ಟ್ರು ಅಂದರು, "ಹುಡುಗರು 'ಐ ಸಾ ಹಿಮ್ ಟು ಕ್ರಾಸ್ ದಿ ರೋಡ್' ಅಂತ ಬರೀತಾರ್ರೀ. ಸೀ, ಹಿಯರ್, ವಾಚ್ ಆದಮೇಲೆ ಹಂಗ 'ಟು' ಬರಲ್ಲ. ಕ್ರಾಸ್ ಅನ್ನಬೇಕು, ಇಲ್ಲಾ ಕ್ರಾಸಿಂಗ್."

"ಎರಡರಾಗ ಯಾವುದು?"

"ಈ ಕಡೆಯಿಂದ ಆ ಕಡೆವರೆಗೂ ದಾಟಿದ್ದನ್ನು ನೋಡಿದರೆ ಕ್ರಾಸ್. ರಸ್ತೆ ನಡುವೆ ಇದ್ದಾಗ ಕಣ್ಣಿಗೆ ಬಿದ್ದರೆ ಕ್ರಾಸಿಂಗ್. ಮುಂದೆ ದಾಟಿದನೋ ಇಲ್ಲವೋ, ಆ ವಾಕ್ಯ ಹೇಳಲ್ಲ."

"ಹಂಗಾದ್ರೆ ಸೂಪರ್ ಮಾರ್ಕೆಟ್ ಹತ್ರ ಬರೀ ಕ್ರಾಸಿಂಗೇ ಬಿಡ್ರಿ," ಎಂದ ತೊಗರಿ ಗೆಳೆಯ. "ಅಲ್ಲಿ ದಾಟಿ ಮುಗಿಸಿದವರನ್ನ ನಾನಂತೂ ನೋಡಿಲ್ಲ."

ನನಗೂ ಸುಮ್ನಿರಲು ಆಗಲಿಲ್ಲ. ನಮ್ಮಲ್ಲೂ 'ದಾಟಿದ್ದನ್ನು ನೋಡಿದೆ', 'ದಾಟುತ್ತಿದ್ದದ್ದನ್ನು ನೋಡಿದೆ' ಅಂತ ಎರಡಿವೆ. ಆದರೆ ಬಾಯಿಗೆ ಬರೋದು 'ದಾಟೋದನ್ನ ನೋಡಿದೆ'. ಅದು ಎರಡಕ್ಕೂ ಆಗುತ್ತೆ. ಮಕ್ಕಳು ಎಡವೋದು ಅಲ್ಲೇ, ಅಲ್ವಾ?

ಮೇಷ್ಟ್ರು ತಲೆಯಾಡಿಸಿದರು. "ಸ್ಮೆಲ್ಲಿಗೆ ಈ ತಕರಾರೇ ಇಲ್ಲ. ಅಲ್ಲಿ ಇಂಗ್ ಒಂದೇ. 'ಐ ಸ್ಮೆಲ್ ಸಂಥಿಂಗ್ ಬರ್ನಿಂಗ್'."

ನಿಜಕ್ಕೂ ಬರ್ನಿಂಗ್ ಆಗುತ್ತಿತ್ತು. ಗಾಡಿಯವನು ವ್ಯಾಕರಣ ಕೇಳುತ್ತ ನಿಂತು ಬಾಣಲೆ ಮರೆತಿದ್ದ.

ಅದೇ ಸಿಟ್ಟಿಗೋ ಏನೋ, ತೊಗರಿ ಗೆಳೆಯನಿಗೆ ಏಳು ಮಿರ್ಚಿ ಲೆಕ್ಕ ಹಾಕಿದ.

"ನಾನು ತಿಂದದ್ದು ಐದು!"

"ಐ ಸಾ ಯು ಈಟ್ ಸೆವೆನ್," ಎಂದರು ಮೇಷ್ಟ್ರು.

"ನೀವು ನೋಡಿದ್ದು ಈಟಿಂಗು. ಮುಗಿಸಿದ್ದು ನೋಡಿಲ್ಲ. ಕೇಸ್ ನಿಲ್ಲಲ್ಲ."

"ಸರಿ, 'ಹಿ ವಾಸ್ ಸೀನ್ ಟು ಈಟ್ ಸೆವೆನ್' ಅಂತೀನಿ. ನನ್ನ ಹೆಸರೇ ಬರಲ್ಲ."

"ಈಗ 'ಟು' ಎಲ್ಲಿಂದ ಬಂತ್ರೀ? ಆಗಲೇ ಬರಲ್ಲ ಅಂದ್ರಲ್ಲ!"

"ನೋಡಿದವನು ಹಿಂದೆ ಸರಿದು 'ವಾಸ್ ಸೀನ್' ಆದ್ರೆ 'ಟು' ವಾಪಸ್ ಬರುತ್ತೆ."

ಗಾಡಿಯವನು ಮಾತಾಡಲಿಲ್ಲ. ಪ್ಲೇಟ್ ಎಳೆದುಕೊಂಡು ಮೆಣಸಿನಕಾಯಿ ತೊಟ್ಟು ಎಣಿಸಿದ.

ಎಂಟಿದ್ದವು.