ಸಾಂಬಾರಿಲ್ಲದ ಇಡ್ಲಿ, ಅಪ್ಪನ ಸ್ಕೂಟರು: ಆ ಚಟ್ನಿಯನ್ನು ಮನೆಯಲ್ಲಿ ಮಾಡಿದವರಿದ್ದೀರಾ?

ಹನುಮಂತನಗರದ ಹುಡುಗಿ:
ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ನಾನು ಅದನ್ನು ಕಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ, ಅಪ್ಪನ ಚೇತಕ್ ಸ್ಕೂಟರಿನ ಮುಂದೆ ನಿಂತು ಹೋದಾಗ. ಹಿಂದಿನ ಸೀಟಿನಲ್ಲಿ ತಮ್ಮ. ಶನಿವಾರ ಬೆಳಗಿನ ಶಾಲೆ. ಏಳಕ್ಕೇ ಮನೆ ಬಿಟ್ಟು ಮೊದಲು ಇಡ್ಲಿ, ಆಮೇಲೆ ಪಾಠ. ಶನಿವಾರವೆಂದರೆ ಬಿಳಿ ಸಮವಸ್ತ್ರ ಬೇರೆ. ಚಟ್ನಿ ಬಿದ್ದೀತೆಂದು ಅಪ್ಪ ತನ್ನ ಕರವಸ್ತ್ರವನ್ನು ತಮ್ಮನ ಕೊರಳಿಗೆ ಕಟ್ಟುತ್ತಿದ್ದರು.

ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ. ಸಾಂಬಾರಿನ ಮಾತೇ ಇಲ್ಲ. ಫುಟ್‌ಪಾತಿನಲ್ಲಿ ನಿಂತು ತಿನ್ನಬೇಕು. ತಟ್ಟೆ ಒಡ್ಡಿದರೆ ಇಡ್ಲಿ ಮುಳುಗುವಷ್ಟು ಚಟ್ನಿ ಸುರಿಯುತ್ತಿದ್ದರು. ಎಷ್ಟನೆಯ ಸಲ ಬಂದೆ ಎಂದು ಒಮ್ಮೆಯೂ ಕೇಳಲಿಲ್ಲ. ಏಳು ವರ್ಷದ ನನಗೆ ಜಗತ್ತಿನಲ್ಲಿ ಅಷ್ಟು ಉದಾರಿಗಳು ಬೇರೆ ಯಾರೂ ಇರಲಿಲ್ಲ.

ಅಪ್ಪನಿಗೆ ಈಗ 82. ಮಂಡಿ ನೋವು, ನಿಲ್ಲಲಾರರು. ಕಟ್ಟಿಸಿಕೊಂಡು ಕೆಂಗೇರಿ ತಲುಪುವಷ್ಟರಲ್ಲಿ ಇಡ್ಲಿ ತಣ್ಣಗಾಗಿರುತ್ತದೆ. ಆ ಚಟ್ನಿಯ ಹತ್ತಿರಕ್ಕಾದರೂ ಬರುವಂತೆ ಮನೆಯಲ್ಲಿ ಮಾಡುವುದು ಹೇಗೆ? ನಾನು ಮಾಡಿದ್ದು ಪ್ರತಿ ಸಲವೂ ಗಟ್ಟಿ, ಮಂಕು ಬಣ್ಣ.

ಗಾಂಧಿಬಜಾರ್ ಅಜ್ಜಿ:
ಅವರ ಕೈಗುಟ್ಟು ನನ್ನಲ್ಲಿಲ್ಲ ತಾಯಿ. ನನ್ನ ಕ್ರಮ ಹೇಳುತ್ತೇನೆ. ಎಳೆಯದೂ ಅಲ್ಲದ, ಬಲಿತು ಒಣಗಿಯೂ ಇರದ ಕಾಯಿ ತೆಗೆದುಕೊಳ್ಳಿ. ತುರಿಯುವಾಗ ಕರಟಕ್ಕೆ ಅಂಟಿದ ಕಂದು ಭಾಗಕ್ಕೆ ಹೋಗಬೇಡಿ, ಬಣ್ಣ ಕೆಡಿಸುವುದು ಅದೇ. ಒಂದು ಬಟ್ಟಲು ತುರಿಗೆ ಎರಡು ಚಮಚ ಹುರಿಗಡಲೆ ಸಾಕು, ಹೆಚ್ಚಾದರೆ ಗಟ್ಟಿಯಾಗುತ್ತದೆ. ಹಸಿಮೆಣಸಿನಕಾಯಿ, ಚೂರು ಶುಂಠಿ, ಉಪ್ಪು. ತಣ್ಣೀರು ಹಾಕಿ, ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ರುಬ್ಬಿದ ಕೂಡಲೇ ಬಡಿಸಿ.

ಭಾನುವಾರದವನು:
ಅಲ್ಲಿಗೆ ಭಾನುವಾರ ರಜೆ, ನಮ್ಮ ತಂದೆಗೂ ಭಾನುವಾರವೇ ರಜೆ! ಹಾಗಾಗಿ ನಾವು ಜಯನಗರದ ದರ್ಶಿನಿಯವರಾದೆವು. ಹಣ ಕೊಟ್ಟು ಚೀಟಿ ತರುವುದು ನನ್ನ ಕೆಲಸ. ಎದೆಮಟ್ಟದ ಕಲ್ಲಿನ ಮೇಜು ನನಗೆ ಎಟುಕುತ್ತಿರಲಿಲ್ಲ. ಅಮ್ಮ ಚೌಚೌಬಾತಿನ ತಟ್ಟೆಯನ್ನು ಬಗ್ಗಿ ಹಿಡಿಯುತ್ತಿದ್ದರು. ಖಾರಾಬಾತ್ ಅವರಿಗೆ, ಕೇಸರಿಬಾತ್ ನನಗೆ. ಅಕ್ಕ, ಒಂದು ಮಾತು: ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ. ಅವರು ಕುಳಿತಿರಲಿ, ತಟ್ಟೆ ನೀವು ತಂದುಕೊಡಿ.

ಹನುಮಂತನಗರದ ಹುಡುಗಿ:
ಅಜ್ಜಿ, ಈ ಬೆಳಿಗ್ಗೆ ನೀವು ಹೇಳಿದಂತೆಯೇ ಮಾಡಿದೆ. ಬಣ್ಣ ಬಂತು. ಅಪ್ಪ ಇಡ್ಲಿಯನ್ನು ಮುರಿಯದೆ ಮೇಲೆಲ್ಲ ಸುರಿದುಕೊಂಡು, ಒಂದು ತುತ್ತು ತಿಂದು, "ಇನ್ನೂ ಸ್ವಲ್ಪ ನೀರಾಗಬೇಕು" ಎಂದರು. ಎರಡನೆಯ ಸಲ ತಟ್ಟೆ ಒಡ್ಡಿದರು. ಶನಿವಾರ ಕಾರಿನಲ್ಲಿ ಹೊರಡುತ್ತಿದ್ದೇವೆ, ತಮ್ಮನೂ ಬರುತ್ತಾನೆ. ಕರವಸ್ತ್ರ ಈ ಸಲ ನಾನು ತರುತ್ತೇನೆ.